ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಗೆ

ಅರಸೀಕೆರೆಯಲ್ಲಿ ಬುದ್ಧವಂದನೆ ಮಾಡಿ ಹೊಸ ಮನೆಗೆ ಕಾಲಿಟ್ಟ ದಿನ, ಊಟಕ್ಕೆ ಬಂದ ನೆಂಟರೆಲ್ಲ ಹೊರಡುವಾಗ ಹೇಳಿದ್ದು ಒಂದೇ ಮಾತು: "ಇನ್ನೇನು, ಸ್ವಂತ ಮನೆ ಆಯ್ತಲ್ಲ, ನೆಮ್ಮದಿಯಾಗಿರಿ." ಆ ಮನೆಯಲ್ಲಿ ನಾನು ನೆಮ್ಮದಿಯಾಗಿ ಕೂತದ್ದು ಭಾನುವಾರದ ಮಧ್ಯಾಹ್ನಗಳಲ್ಲಿ ಮಾತ್ರ, ಅದೂ ವಾರದ ಬಟ್ಟೆಯೆಲ್ಲ ಒಗೆದು ಮುಗಿದಿದ್ದರೆ.

ನಾನು ಬಿಕ್ಕೋಡಿನ ಆಚೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಅರಸೀಕೆರೆಯಲ್ಲೇ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಮೂರನೇ ಕ್ಲಾಸಿನ ಮಗಳು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದ ಮಾವ. ದಿನಾ ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ, ನಿದ್ದೆಗಣ್ಣಿನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕಿ, ಬೇಲೂರಿನ ಮೊದಲ ಬಸ್ಸು ಹಿಡಿಯುತ್ತಿದ್ದೆ. ಜಾವಗಲ್, ಹಳೇಬೀಡು ದಾಟಿ ಬೇಲೂರು. ಅಲ್ಲಿಂದ ಇನ್ನೊಂದು ಬಸ್ಸು. ಅದು ತಪ್ಪಿದರೆ ಕಾಫಿ ತೋಟದ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನಾನು ಮನೆ ಸೇರುವ ಹೊತ್ತಿಗೆ ಮಗಳು ತಾತನಿಗೆ ಒರಗಿಕೊಂಡು ತೂಕಡಿಸುತ್ತಿರುತ್ತಿದ್ದಳು. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಸಂಬಳದ ಅರ್ಧ ಮನೆಯ ಸಾಲದ ಕಂತಿಗೆ ಹೋಗುತ್ತಿತ್ತು. ಆ ಮನೆಯ ಮುಂಗೋಡೆಯ ಮೇಲೆ ಬಿಸಿಲು ಬಿದ್ದಾಗ ಹೇಗೆ ಕಾಣುತ್ತದೆ ಎಂಬುದು ನನಗೆ ರಜೆಯ ದಿನಗಳಲ್ಲಷ್ಟೇ ಗೊತ್ತಾಗುತ್ತಿತ್ತು.

ಆ ಮುಂಗೋಡೆ ಎಂದರೆ ಮಾವನಿಗೆ ಪ್ರಾಣ. ಕಟ್ಟುವಾಗ ಅಡುಗೆಮನೆಗೆ ಇನ್ನೊಂದು ಕಿಟಕಿ ಬೇಕು ಎಂದು ನಾನು ಕೇಳಿದ್ದೆ. ಆ ದುಡ್ಡು ಮುಂಭಾಗದ ಕಪ್ಪು ಗ್ರಾನೈಟಿಗೆ, ಧಮ್ಮಚಕ್ರ ಕೂರಿಸಿದ ಕಬ್ಬಿಣದ ಗೇಟಿಗೆ ಹೋಯಿತು. ಆಗ ನನಗೆ ಸಿಟ್ಟು ಬಂದಿತ್ತು. ಆದರೂ ಅದನ್ನು ಬರೀ ಆಡಂಬರ ಎಂದು ತಳ್ಳಿಹಾಕಲು ಬಾಯಿ ಬರಲಿಲ್ಲ. ರೈಲ್ವೆ ಕ್ವಾರ್ಟರ್ಸ್ ಬಿಟ್ಟ ಮೇಲೆ ಅವರು ಮೂರು ಬಾಡಿಗೆ ಮನೆ ಕಂಡಿದ್ದರು. ಒಂದು ಮನೆಯ ಓನರು ನಲ್ಲಿ ಮುಟ್ಟಲು ಬಿಡದೆ ತಾವೇ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಇನ್ನೊಬ್ಬರು ಗೋಡೆಯ ಮೇಲಿದ್ದ ಬುದ್ಧನ ಪಟ ನೋಡಿದ ವಾರಕ್ಕೇ, ಭಾಮೈದ ಬರುತ್ತಾನೆ, ಮನೆ ಖಾಲಿ ಮಾಡಿ ಎಂದರು. ಮೂರನೆಯ ಮನೆಯಲ್ಲಿದ್ದಾಗ ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣವನ್ನು ಅಂಗಳಕ್ಕೆ ತರುವುದು ಬೇಡ ಎಂದು ಓನರು ಫೋನು ಮಾಡಿದ್ದರಿಂದ, ಆಸ್ಪತ್ರೆಯಿಂದ ನೇರವಾಗಿ ಹಳ್ಳಿಗೆ ತೆಗೆದುಕೊಂಡು ಹೋಗಬೇಕಾಯಿತು. ಆ ಸಂಗತಿಯನ್ನು ಮಾವ ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಗಂಡ ನನಗೆ ಹೇಳಿದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ.

ಹಾಗಾಗಿ ಆ ಮನೆಯನ್ನು ನಾವು ಬಿಟ್ಟು ಹೋಗಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಅದು ಫೆಬ್ರವರಿಯ ಒಂದು ದಿನ. ಗಂಡ ಆಫೀಸಿನ ಮೀಟಿಂಗಿಗೆಂದು ಹಾಸನಕ್ಕೆ ಹೋಗಿದ್ದರು. ಮಾವ ನೆಂಟರ ಪೈಕಿ ಯಾರೋ ತೀರಿಕೊಂಡರೆಂದು ಬೆಳಗ್ಗೆಯೇ ಹಳ್ಳಿಗೆ ಹೊರಟರು. ಸ್ಕೂಲ್ ವ್ಯಾನಿನಿಂದ ಇಳಿದ ಮಗಳನ್ನು ನಾನು ಬರುವ ತನಕ ನೋಡಿಕೊಳ್ಳಲು ಪಕ್ಕದ ಮನೆಯಾಕೆ ಒಪ್ಪಿದ್ದರು. ಮಧ್ಯಾಹ್ನ ಅವರ ತಾಯಿಗೆ ಎದೆನೋವು ಬಂದು ಅವರು ಓಡಬೇಕಾಯಿತು. ನನಗೆ ಫೋನು ಮಾಡಿದರಂತೆ. ನಮ್ಮ ಶಾಲೆಯ ಹತ್ತಿರ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬೇಲೂರಿಗೆ ಬಂದಾಗ ಅವರ ಕಾಲ್ ನೋಡಿ ತಿರುಗಿ ಮಾಡಿದೆ. "ಅಯ್ಯೋ ಮೇಡಂ, ಮೆಸೇಜ್ ಹಾಕಿದ್ದೆ, ನೀವೇನೋ ವ್ಯವಸ್ಥೆ ಮಾಡಿರ್ತೀರಿ ಅಂತ ಅನ್ಕೊಂಡೆ ಕಣ್ರೀ" ಎಂದರು. ಮಗಳು ಆಗಲೇ ವ್ಯಾನಿನಿಂದ ಇಳಿದು ಒಂದು ಗಂಟೆಯ ಮೇಲಾಗಿತ್ತು. ಗಂಡನ ಫೋನು ಮೀಟಿಂಗಿನಲ್ಲಿ ಬಂದ್ ಆಗಿತ್ತು. ಆ ಬೀದಿಯಲ್ಲಿ ಇನ್ಯಾರ ನಂಬರೂ ನನ್ನ ಬಳಿ ಇರಲಿಲ್ಲ. ಮನೆ ಕಟ್ಟಿ ಇಷ್ಟು ದಿನವಾಗಿದ್ದರೂ ಎದುರು ಮನೆಯವರ ಮುಖವೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹಳೇಬೀಡು ದಾಟಿ ಸ್ವಲ್ಪ ದೂರ ಹೋಗುತ್ತಲೇ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರು "ಎಲ್ರೂ ಇಳ್ಕಳಿ, ಹಿಂದಿನ ಬಸ್ಸಿಗೆ ಹತ್ತಿಸ್ತೀನಿ" ಎಂದ. ಹಿಂದಿನ ಬಸ್ಸು ಬರಲೇ ಇಲ್ಲ. ರಸ್ತೆಯಲ್ಲಿ ಹೋಗುವ ಕಾರುಗಳಿಗೆಲ್ಲ ಕೈ ಅಡ್ಡ ಹಿಡಿದೆ. ಕೊನೆಗೆ ತೆಂಗಿನಕಾಯಿ ತುಂಬಿದ್ದ ಒಂದು ಟೆಂಪೊ ನಿಂತಿತು. ಡ್ರೈವರ್ ಪಕ್ಕ ಬ್ಯಾಗು ತಬ್ಬಿಕೊಂಡು ಕೂತೆ. "ಸ್ವಲ್ಪ ಜೋರಾಗಿ ಹೋಗಪ್ಪ" ಎಂದು ಎಷ್ಟು ಸಲ ಹೇಳಿದೆನೋ, ಅವನು "ಲೋಡ್ ಐತೆ ಮೇಡಂ" ಎನ್ನುತ್ತಲೇ ಇದ್ದ. ಬಸ್ ಸ್ಟ್ಯಾಂಡಿಗೆ ಹೋಗದೆ ನಮ್ಮ ಬಡಾವಣೆಯ ತಿರುವಿನಲ್ಲೇ ಇಳಿದು ಓಡಿದೆ.

ಗೇಟು ತೆರೆದಿತ್ತು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ಮೆಟ್ಟಿಲ ಮೇಲೆ ಮಗಳ ಸ್ಕೂಲ್ ಬ್ಯಾಗು, ಪಕ್ಕದಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಅವಳಿಲ್ಲ.

ಕೂಗಿದೆ. ಮನೆಯ ಸುತ್ತ ಓಡಿದೆ. ನೀರಿನ ಸಂಪಿನ ಮುಚ್ಚಳ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದೆ. ಎದುರು ಮನೆಯ ಬಾಗಿಲು ಬಡಿದೆ, ಅವರು ನೋಡಿಲ್ಲ. ಮೂಲೆಯ ಪೆಟ್ಟಿಗೆ ಅಂಗಡಿಯವನು ಮಾತ್ರ, "ಯೂನಿಫಾರಂ ಹಾಕ್ಕಂಡಿರೋ ಮಗ ಅಲ್ವಾ? ಒಂಟಿಯಾಗಿ ಬಸ್ ಸ್ಟ್ಯಾಂಡ್ ಕಡೆ ನಡ್ಕಂಡು ಹೋಯ್ತು. ಯಾರೋ ಮುಂದೆ ಇರಬೌದು ಅಂದ್ಕಂಡೆ" ಎಂದ.

ಆಟೊ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಬೇಲೂರಿನ ಬಸ್ಸು ಬಂದು ನಿಲ್ಲುವ ಕಡೆ, ಕಲ್ಲುಬೆಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಸೌತೆಕಾಯಿ ಮಾರುವ ಹೆಂಗಸು ತನ್ನ ಬುಟ್ಟಿಯನ್ನು ಅವಳ ಕಡೆಗೆ ಎಳೆದಿಟ್ಟುಕೊಂಡು, ಬಂದು ಹೋಗುವವರನ್ನೆಲ್ಲ ದುರುಗುಟ್ಟಿ ನೋಡುತ್ತ ಕೂತಿದ್ದಳು. ನಾನು ಮಗಳನ್ನು ಎಳೆದು ತಬ್ಬಿಕೊಂಡ ಕೂಡಲೇ ಆ ಹೆಂಗಸು ನನ್ನ ಮೇಲೆ ತಿರುಗಿಬಿದ್ದಳು. "ಏನವ್ವಾ ನೀನು, ಮಗೀನ ಹಿಂಗ್ ಬಿಟ್ಟು ಹೋಗದಾ? ಯಾವನಾದ್ರೂ ಎತ್ತಾಕ್ಕಂಡ್ ಹೋಗಿದ್ರೆ ಏನ್ ಮಾಡ್ತಿದ್ದೆ?"

ಮಗಳು ಅಳಲಿಲ್ಲ. "ಬೇಲೂರಿಂದ ಬಂದ ಬಸ್ಸೆಲ್ಲ ನೋಡ್ದೆ ಅಮ್ಮ. ಇಳಿಯೋರನ್ನೆಲ್ಲ ನೋಡ್ದೆ. ನೀನು ಯಾವುದ್ರಲ್ಲೂ ಇರ್ಲಿಲ್ಲ" ಎಂದಳು. ಮನೆಗೆ ಬಂದು ಕೈಕಾಲು ತೊಳೆಸಿ ಅನ್ನ ಕಲಸಿ ಬಾಯಿಗಿಟ್ಟಾಗ ವಾಂತಿ ಮಾಡಿಕೊಂಡಳು.

ಮುಂದಿನ ಭಾನುವಾರ ಮನೆಯವರೆಲ್ಲ ಇದ್ದಾಗ ನಾನು ವಿಷಯ ಎತ್ತಿದೆ. ಈ ಮನೆ ಬಾಡಿಗೆಗೆ ಕೊಡೋಣ, ಹಳೇಬೀಡಿನಲ್ಲಿ ಬಾಡಿಗೆಗೆ ಇರೋಣ. ಅದು ನನ್ನ ಶಾಲೆಗೂ ಗಂಡನ ಆಫೀಸಿಗೂ ನಡುವಿನ ಊರು. ಇಬ್ಬರೂ ಒಂದೊಂದು ಗಂಟೆ ಓಡಾಡಿದರೆ ಸಂಜೆ ಬೆಳಕಿರುವಾಗಲೇ ಒಬ್ಬರಾದರೂ ಮನೆಯಲ್ಲಿರಬಹುದು. ಅಲ್ಲೂ ಒಳ್ಳೆಯ ಶಾಲೆಯಿದೆ.

ಮಾವ ಪೇಪರು ಮಡಿಸಿಟ್ಟರು. "ಬಾಡ್ಗೆ ಮನೇಲಿದ್ದೋರು ಸ್ವಂತ ಮನೆಗೆ ಹೋಗೋದ ಕಂಡಿವ್ನಿ. ಸ್ವಂತ ಮನೆ ಬಿಟ್ಟು ಬಾಡ್ಗೆ ಮನೆಗೆ ಹೋದೋರ ನಾನ್ ಕಂಡಿಲ್ಲ ಕಣವ್ವ."

"ಮಾವ, ಈ ಮನೇಲಿ ನಾನು ಇರೋದೇ ಇಲ್ಲ. ಇರದ ಮನೆಗೆ ಅರ್ಧ ಸಂಬಳ ಕಟ್ತಾ ಇದೀನಿ."

"ಇರ್ತೀಯ. ವರ್ಗ ಆಯ್ತದೆ, ಆಮೇಲೆ ಇರ್ತೀಯ."

"ಅಷ್ಟೊತ್ತಿಗೆ ಇವಳು ದೊಡ್ಡೋಳಾಗಿರ್ತಾಳೆ."

ಅವರು ಎದ್ದು ಹೊರಗೆ ಹೋದರು. ಆದರೆ ಶನಿವಾರ ಗಂಡ, ಮಗಳನ್ನೂ ಬೈಕಿನಲ್ಲಿ ಕೂರಿಸಿಕೊಂಡು, ನನ್ನ ಜೊತೆ ಮನೆ ನೋಡಲು ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಮಗಳು ಕೂತಿದ್ದ ಬೆಂಚನ್ನು ಅವರು ಆಮೇಲೆ ಒಬ್ಬರೇ ಹೋಗಿ ನೋಡಿಕೊಂಡು ಬಂದಿದ್ದರೆಂದು ದಾರಿಯಲ್ಲಿ ಹೇಳಿದರು.

ಹಳೇಬೀಡಿನಲ್ಲಿ ನಾವು ನೋಡಿದ ಮೊದಲ ಮನೆ ಚೆನ್ನಾಗಿತ್ತು. ಎರಡು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಗಿಡ. ಓನರ್ ಹೆಂಗಸು ಮಗಳ ಕೆನ್ನೆ ಹಿಂಡಿ, "ಯಾವ ಕ್ಲಾಸು ಪುಟ್ಟೀ?" ಎಂದು ಮಾತಾಡಿಸಿದರು. ಮಜ್ಜಿಗೆ ಕೊಡಲೇ ಎಂದು ಕೇಳಿದರು. ಅದೇ ದನಿಯಲ್ಲಿ, "ನೀವು ಯಾವ ಕಡೆಯೋರು?" ಎಂದರು.

"ಅರಸೀಕೆರೆ" ಎಂದರು ನನ್ನ ಗಂಡ.

"ಅದಲ್ಲ. ಯಾವ ಜನ ಅಂತ."

ಗಂಡ ಸೀಬೆ ಗಿಡದ ಕಡೆ ನೋಡತೊಡಗಿದರು. "ಬೌದ್ಧರು" ಎಂದೆ ನಾನು.

"ಹಂಗಂದ್ರೆ?" ಎಂದವರು ಅಷ್ಟರಲ್ಲೇ ಅರ್ಥಮಾಡಿಕೊಂಡು, "ಓ, ಸರಿ ಸರಿ. ಯಜಮಾನ್ರನ್ನ ಕೇಳಿ ಹೇಳ್ತೀನಿ" ಎಂದರು. ಮಜ್ಜಿಗೆ ಬರಲಿಲ್ಲ. ಮರುದಿನ ಫೋನು ಬಂತು. ಅವರ ತಂಗಿಯ ಮಗ ಬರುವವನಿದ್ದನಂತೆ.

ಎರಡನೆಯ ಮನೆ ತೆಂಗಿನಕಾಯಿ ಮಂಡಿ ಇಟ್ಟಿದ್ದವರೊಬ್ಬರದು, ಮಹಡಿಯ ಮೇಲೆ. ಅವರು ಸುತ್ತಿಬಳಸಲಿಲ್ಲ. ಕೇಳಿದರು, ಹೇಳಿದೆವು. ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು, "ನೋಡಿ ಸಾರ್, ನಂಗೇನಿಲ್ಲ. ಆದ್ರೆ ನೀವು ಬಿಟ್ಟ ಮ್ಯಾಲೆ ಬೇರೆಯೋರು ಬರಬೇಕಲ್ಲ. ಬಾಡ್ಗೆ ಸ್ವಲ್ಪ ಜಾಸ್ತಿ ಕೊಡೋದಾದ್ರೆ ನೋಡಬೌದು" ಎಂದರು.

ನನ್ನ ಮನಸ್ಸು ಆ ಕ್ಷಣ ಲೆಕ್ಕ ಹಾಕಿತು. ಇಷ್ಟು ಜಾಸ್ತಿ ಕೊಟ್ಟರೆ ಮಗಳು ಬೀದಿಯಲ್ಲಿ ಕೂರುವುದಿಲ್ಲ. ಹಬ್ಬಕ್ಕೆ ಬಟ್ಟೆ ತರದಿದ್ದರಾಯಿತು. "ಎಷ್ಟು ಜಾಸ್ತಿ?" ಎಂದು ನಾನು ಕೇಳಿಯೇಬಿಟ್ಟೆ. ಗಂಡ ಎದ್ದು ಮೆಟ್ಟಿಲಿಳಿದು ಹೋದರು.

ಕೆರೆ ಏರಿಯ ಹತ್ತಿರ ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆಯೇ ಕೂಗಾಡಿದರು. ಮಗಳು ನಮ್ಮಿಬ್ಬರ ನಡುವೆ ಬೈಕಿನ ಮೇಲೇ ಕೂತಿದ್ದಳು. ದೇವಸ್ಥಾನ ನೋಡಲು ಬಂದ ಪ್ರವಾಸಿಗಳು ತಿರುಗಿ ತಿರುಗಿ ನೋಡಿಕೊಂಡು ಹೋಗುತ್ತಿದ್ದರು.

"ನಾಚ್ಕೆ ಆಗ್ಲಿಲ್ವಾ ನಿಂಗೆ? ಎಷ್ಟು ಜಾಸ್ತಿ ಅಂತ ಕೇಳ್ತೀಯಲ್ಲ!"

"ಆಯ್ತು. ಆದ್ರೆ ಮಗಳು ಬೆಂಚಿನ ಮೇಲೆ ಕೂತಿದ್ದು ನೆನೆಸ್ಕೊಂಡ್ರೆ ನಾಚ್ಕೆಗಿಂತ ಭಯ ಜಾಸ್ತಿ ಆಗುತ್ತೆ."

"ಅರಸೀಕೆರೆ ಮನೆ ಕಂತು, ಕಂತು ಅಂತ ಅಳ್ತೀಯಲ್ಲ, ಆ ಕಂತು ಯಾಕೆ ಕಟ್ತಾ ಇದೀವಿ ಗೊತ್ತಾ? ಈ ಪ್ರಶ್ನೆ ಯಾರೂ ಕೇಳಬಾರ್ದು ಅಂತ. ಗ್ರಾನೈಟಿಗಲ್ಲ ಕಣೇ ನಾವು ದುಡ್ಡು ಕೊಟ್ಟಿದ್ದು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ದುಡ್ಡನ್ನು ವಸ್ತುವಿಗೆ ಸುರಿಯಬೇಡಿ, ಸಮಯಕ್ಕೆ, ನೆಮ್ಮದಿಗೆ ಖರ್ಚು ಮಾಡಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನಾನೂ ಸ್ಟಾಫ್ ರೂಮಿನಲ್ಲಿ ಹಾಗೆಯೇ ಹೇಳುತ್ತಿದ್ದವಳು. ಮರ್ಯಾದೆ ಪುಕ್ಕಟೆ ಸಿಗುವವರಿಗೆ ಆ ಮಾತು ಸಲೀಸು. ನಮ್ಮ ಮನೆಯಲ್ಲಿ ಮರ್ಯಾದೆಗೂ ಕಂತು ಕಟ್ಟಬೇಕು, ಸಮಯಕ್ಕೂ ಕಂತು ಕಟ್ಟಬೇಕು, ಸಂಬಳ ಮಾತ್ರ ಇದ್ದಷ್ಟೇ.

ಮಾವನಿಗೆ ವಿಷಯ ಮುಟ್ಟಿಸಿದ್ದು ಮಗಳು. ಎರಡು ಮೂರು ದಿನ ಅವರು ಊಟಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಒಂದು ಸಂಜೆ ನಾನು ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದರು.

"ಮಂಡಿಯೋನಿಗೆ ಜಾಸ್ತಿ ಕೊಡೋಕೆ ಒಪ್ಕಂಡಿದ್ಯಂತೆ?"

"ಒಪ್ಕೊಳ್ಳಲಿಲ್ಲ ಮಾವ. ಒಪ್ಕೊಳ್ಳೋಳಿದ್ದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಗೇಟಿನ ಕಡೆ ತಿರುಗಿದರು. "ಯಾರೂ ನಮ್ಮನ್ನ ಹೊರಗೆ ನಿಲ್ಲಿಸಬಾರದು ಅಂತ ಕಟ್ಟಿಸಿದ್ದು ಇದ" ಎಂದರು. "ಕಟ್ಟಿಸಿದ ಮ್ಯಾಲೆ ನಮ್ಮ ಮಗೀನೇ ಹೊರಗೆ ಕೂತ್ಕಂತಲ್ಲವ್ವ." ನನಗೆ ಅವರ ಮುಖ ನೋಡಲಾಗಲಿಲ್ಲ. "ಹುಡುಕ್ರಿ. ಅವನ ಮನೆ ಮಾತ್ರ ಬ್ಯಾಡ. ಪುಕ್ಕಟೆ ಕೊಟ್ರೂ ಬ್ಯಾಡ."

ಕೊನೆಗೆ ಸಿಕ್ಕಿದ್ದು ಯಾರಿಗೂ ಬೇಡವಾಗಿದ್ದ ಮನೆ. ಹಿಟ್ಟಿನ ಮಿಲ್ಲಿಗೆ ಅಂಟಿಕೊಂಡೇ ಇತ್ತು. ಮಿಲ್ಲು ಶುರುವಾದರೆ ತಟ್ಟೆ ಸ್ಟ್ಯಾಂಡಿನಲ್ಲಿ ಲೋಟಗಳು ಸದ್ದು ಮಾಡುತ್ತಿದ್ದವು. ಕಿಟಕಿಯ ಸರಳಿನ ಮೇಲೆ ಯಾವಾಗಲೂ ರಾಗಿ ಹಿಟ್ಟಿನ ಪದರ. ಓನರು ದೂರದ ಊರಿನಲ್ಲಿದ್ದರು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಅವರ ನಂಬರು ಕೊಟ್ಟರು. ಓನರು ಅಡ್ವಾನ್ಸ್ ಯಾವಾಗ ಹಾಕುತ್ತೀರಿ ಎಂದು ಕೇಳಿದರೇ ಹೊರತು ಇನ್ನೇನೂ ಕೇಳಲಿಲ್ಲ. ಅದು ಅವರ ಒಳ್ಳೆಯತನವೋ, ಮನೆ ಖಾಲಿ ಬಿದ್ದಿದ್ದ ಅವಸರವೋ ನನಗೆ ಗೊತ್ತಿಲ್ಲ.

ಅರಸೀಕೆರೆಯ ಮನೆ ನೋಡಲು ಬಂದವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಹುಡುಗಿ ನರ್ಸು, ಹುಡುಗ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮಾವ ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಹುಡುಗ ಮನೆಯೆಲ್ಲ ನೋಡಿ ಬಂದು, ಯಾರೂ ಕೇಳದಿದ್ದರೂ ತಾನೇ ಶುರುಮಾಡಿದ. "ನಾವು ಸಾರ್, ಜಾತೀಲಿ..."

"ಅದ ನಾನ್ ಕೇಳ್ನಿಲ್ಲ ಕಣಪ್ಪ" ಎಂದು ಮಾವ ಅಲ್ಲೇ ತಡೆದರು. ದನಿ ಎಷ್ಟು ಗಡುಸಾಗಿತ್ತೆಂದರೆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ತೆಂಗಿನ ಸಸಿಗೆ ದಿನಾ ನೀರು ಹಾಕ್ತೀರಾ? ಅದ ಹೇಳಿ."

ಹಾಕುತ್ತೇವೆ ಎಂದರು. ಅವರು ಹೋದ ಮೇಲೆ ಗಂಡ, "ಅಪ್ಪ, ಅಡ್ವಾನ್ಸ್ ಮಾತೇ ಆಡ್ಲಿಲ್ವಲ್ಲ" ಎಂದರು. "ನೀನ್ ಆಡ್ಕ" ಎಂದು ಮಾವ ಒಳಗೆ ಹೋಗಿ ಮಲಗಿಬಿಟ್ಟರು. ಅಂದು ರಾತ್ರಿ ಊಟಕ್ಕೂ ಏಳಲಿಲ್ಲ.

ಹಳೇಬೀಡಿಗೆ ಬಂದು ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅರಸೀಕೆರೆ ಮನೆಯಿಂದ ಬರುವ ಬಾಡಿಗೆಯಲ್ಲಿ ಇಲ್ಲಿನ ಬಾಡಿಗೆ ಕಳೆದರೆ ಕಂತಿಗೆ ಏನೂ ಉಳಿಯುತ್ತಿರಲಿಲ್ಲ. ನೆಂಟರ ಮದುವೆಗಳಿಗೆ ಉಡುಗೊರೆ ಸಣ್ಣದಾಯಿತು. ಹೊಸ ಸೀರೆಯ ಮಾತು ನಿಂತಿತು. ಗಂಡನ ದೊಡ್ಡಪ್ಪನ ಮಗ ಒಂದು ಬೀಗರೂಟದಲ್ಲಿ ಎಲ್ಲರೆದುರಿಗೇ, "ಏನ್ಲಾ, ಗ್ರಾನೈಟ್ ಮನೆ ಬಿಟ್ಟು ಮಿಲ್ ಪಕ್ಕ ಸೇರ್ಕಂಡ್ಯಂತೆ?" ಎಂದು ನಕ್ಕ. ಅದಾದ ಮೇಲೆ ಗಂಡ ಆ ಕಡೆಯ ಯಾವ ಊಟಕ್ಕೂ ಹೋಗಲಿಲ್ಲ. ಬೈಕಿನಲ್ಲಿ ದಿನಾ ಅರಸೀಕೆರೆಗೆ ಓಡಾಡಿ ಅವರ ಸೊಂಟ ಹಿಡಿಯಿತು. ತಿಂಗಳಿಗೊಂದು ಭಾನುವಾರ ಮನೆ ನೋಡಿಕೊಂಡು ಬರುತ್ತೇನೆಂದು ಹೋಗುತ್ತಿದ್ದರು. ಒಮ್ಮೆ ಬಂದವರು ಬಾಗಿಲಲ್ಲೇ ನಿಂತು, "ಹಾಲ್ ಗೋಡೆಗೆ ಮೊಳೆ ಹೊಡ್ದಿದಾರೆ" ಎಂದರು. ಯಾರೋ ಸತ್ತ ಸುದ್ದಿ ತಂದವರ ಮುಖ. "ಕ್ಯಾಲೆಂಡರ್ ಹಾಕೋಕಿರ್ಬೇಕು, ಬಿಡಿ" ಎಂದದ್ದೇ ತಪ್ಪಾಯಿತು. ಆ ವಾರ ಮನೆಯಲ್ಲಿ ಮಿಲ್ಲಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆದರೂ ನನಗೆ ಸುಖವಾಯಿತು. ಇದನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ಸಂಜೆ ನಾನು ಬಸ್ಸಿಳಿಯುವಾಗ ಇನ್ನೂ ಬಿಸಿಲಿರುತ್ತಿತ್ತು. ಮಗಳಿಗೆ ಎಚ್ಚರವಿರುವಾಗಲೇ ಅವಳ ಮಾತು ಕೇಳಿಸಿಕೊಳ್ಳಬಹುದಾಗಿತ್ತು. ಅವಳು ಇಷ್ಟೊಂದು ಮಾತಾಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಅವಳು ಪೂರ್ತಿ ಎದ್ದ ಮೇಲೆ ಜಡೆ ಹಾಕುತ್ತಿದ್ದೆ, ಬಿಗಿಯಾಯಿತು ಎಂದು ಜಗಳ ತೆಗೆಯುತ್ತಿದ್ದಳು. ತಿಂಗಳುಗಟ್ಟಲೆ ಕಾಡಿದ್ದ ತಲೆನೋವು ಯಾವಾಗ ಹೋಯಿತೋ ಗಮನಕ್ಕೇ ಬರಲಿಲ್ಲ.

ಮಾವ ಮೊದಲ ದಿನಗಳಲ್ಲಿ ಟ್ರಂಕು ಬಿಚ್ಚಲಿಲ್ಲ. ಬುದ್ಧನ ಪಟವೂ ಅದರೊಳಗೇ ಇತ್ತು. ಒಂದು ದಿನ ತಾವೇ ಮಿಲ್ಲಿನ ಬಾಗಿಲಿಗೆ ಹೋಗಿ, ಅಲ್ಲಿ ಹಿಟ್ಟಿಗೆ ಕಾದು ಕೂತಿದ್ದವರ ಎದುರಿಗೆ, "ನಾವು ಅರಸೀಕೆರೆಯೋರು. ಬೌದ್ಧರು. ರೈಲ್ವೇಲಿದ್ದೆ. ಇಲ್ಲಿ ಪಕ್ಕದಲ್ಲಿದೀವಿ" ಎಂದು ಒಂದೇ ಉಸಿರಿಗೆ ಹೇಳಿ ಬಂದರಂತೆ. ಯಾರೂ ಕೇಳುವ ಮೊದಲೇ ಹೇಳಿಬಿಡಬೇಕು ಅನ್ನಿಸಿತಂತೆ. ಒಬ್ಬಿಬ್ಬರು ಮುಖ ತಿರುಗಿಸಿದರು. ಮಿಲ್ಲಿನವನು ಮಾತ್ರ, "ರೈಲ್ವೆ ಪಾಸ್ ಇನ್ನೂ ಕೊಡ್ತಾರಾ ನಿಮಗೆ?" ಎಂದು ಕೇಳಿ ಕೂರಲು ಹಲಗೆ ತೋರಿಸಿದ. ಆಮೇಲೆ ಮಾವ ಬೆಳಗಿನ ಹೊತ್ತು ಅಲ್ಲೇ ಇರತೊಡಗಿದರು. ಪಟವೂ ಟ್ರಂಕಿನಿಂದ ಹೊರಬಂತು.

ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ ಅರಸೀಕೆರೆಯ ಆ ಹುಡುಗ ಫೋನು ಮಾಡಿದ. ಗಂಡ ಆಗಷ್ಟೇ ಬಂದು ಬೈಕು ನಿಲ್ಲಿಸಿದ್ದರು. ಅವನ ಹೆಂಡತಿ ಬಸುರಿ, ಇನ್ನೊಂದು ವರ್ಷ ಮನೆ ಬೇಕಿತ್ತು, ನೀವು ವಾಪಸ್ಸು ಬರುತ್ತೀರೋ ಹೇಗೆ ಎಂದು ಕೇಳಿದ. ಸ್ಪೀಕರಿನಲ್ಲಿದ್ದುದರಿಂದ ಎಲ್ಲರಿಗೂ ಕೇಳಿಸಿತು. ವಾಪಸ್ಸು ಹೋಗೋಣ ಎಂದು ಗಂಡ ಹೇಳಿದ್ದರೆ ನನಗೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ನಾನು ಒಲೆ ಸಣ್ಣ ಮಾಡಿ ನಿಂತೆ. ಅವರು ಅಪ್ಪನ ಮುಖ ನೋಡಿದರು, ಆಮೇಲೆ ಮಗಳ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

"ಇರಿ, ಇನ್ನೊಂದ್ ವರ್ಷ ಇರಿ" ಎಂದರು. "ಆದ್ರೆ ಇನ್ನು ಗೋಡೆಗೆ ಮೊಳೆ ಹೊಡೀಬೇಡಿ ಕಣ್ರೀ."

ಫೋನು ನನ್ನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.